ಸೋವಿದೇವ ಆಕಾಶ ಆರಿಸಿಕೊಂಡದ್ದು

ವರದಾ ನದಿಯ ದಂಡೆಯಲ್ಲಿ ಮುಕುಂದಯ್ಯನವರ ಗುರುಕುಲವಿತ್ತು. ಅಲ್ಲಿಗೆ ಯಾರು ಏನೇ ಕಲಿಯಲು ಬಂದಿರಲಿ, ಅದರ ಜೊತೆಗೆ ಒಂದು ವರ್ಷ ಬೇರೊಂದು ವಿಷಯವನ್ನೂ ಆರಿಸಿಕೊಳ್ಳಬೇಕಿತ್ತು. ನೀರು, ಅನ್ನ, ನಾದ, ಆಕಾಶ, ಈ ನಾಲ್ಕರಲ್ಲೊಂದು. ನೀರು ಆರಿಸಿಕೊಂಡವರು ಕೆರೆ ಕಟ್ಟುವುದನ್ನೂ ಕಲಿಯುತ್ತಿದ್ದರು, ದೋಣಿಗೆ ಹುಟ್ಟು ಹಾಕುವುದನ್ನೂ, ಹೊಳೆಯ ಹಾಡುಗಳನ್ನೂ.

ಸೋವಿದೇವ ಬಂದದ್ದು ವೈದ್ಯ ಕಲಿಯಲು. ಅವನ ಊರಲ್ಲಿ ವೈದ್ಯರಿರಲಿಲ್ಲ. ಜ್ವರದ ತಂಗಿಯನ್ನು ಗಾಡಿಯಲ್ಲಿ ಮಲಗಿಸಿಕೊಂಡು ಪರವೂರಿಗೆ ಹೊರಟಿದ್ದಾಗ ದಾರಿಯಲ್ಲೇ ಅವಳನ್ನು ಕಳೆದುಕೊಂಡಿದ್ದ.

ಬಂದು ಹದಿನೈದು ದಿನಕ್ಕೆ ವಿಷಯ ಆರಿಸಿಕೊಳ್ಳುವ ದಿನ ಬಂತು. "ಗುರುಗಳೇ, ನನಗೆ ವೈದ್ಯವೊಂದೇ ಸಾಕು," ಎಂದ.

"ಸಾಕೋ ಬೇಕೋ ಆಮೇಲೆ ನೋಡೋಣ. ಒಂದನ್ನು ಆರಿಸಿಕೋ."

"ವೈದ್ಯಕ್ಕೆ ಯಾವುದು ಹೆಚ್ಚು ಉಪಯೋಗ?"

"ಕಲಿಸುವವರನ್ನೇ ಕೇಳಿ ಬಾ."

ಸೋವಿದೇವ ಮರಳಿ ಬರುವಾಗ ರಾತ್ರಿಯಾಗಿತ್ತು.

"ಎಲ್ಲರೂ ತಮ್ಮ ತಮ್ಮ ವಿಷಯ ಉಪಯೋಗ ಅಂದರು. ಆಕಾಶ ಕಲಿಸುವ ಜಕ್ಕವ್ವ ಮಾತ್ರ, ಏನೂ ಉಪಯೋಗವಿಲ್ಲ ಅಂದುಬಿಟ್ಟರು."

"ಹಾಗಾದರೆ ಬೇಗ ಬರಬಹುದಿತ್ತಲ್ಲ?"

ಸೋವಿದೇವ ತಲೆ ತಗ್ಗಿಸಿದ. "ಕೂತುಕೋ ಅಂದರು. ಕೂತೆ. ಕೃತ್ತಿಕೆ ತೋರಿಸಿದರು, ಅದರ ಹಿಂದೆ ಬರುವ ರೋಹಿಣಿ ತೋರಿಸಿದರು. ಕೆಂಪಗಿತ್ತು. ಹೊತ್ತು ಹೋದದ್ದೇ ಗೊತ್ತಾಗಲಿಲ್ಲ."

"ಸರಿ. ಯಾವುದನ್ನು ಆರಿಸಿಕೊಂಡೆ?"

"ನೀರು. ಕಷಾಯಕ್ಕೆ ಆಗುತ್ತದೆ."

"ಒಳ್ಳೆಯದು, ಹೋಗು."

ಅವನು ಹೋಗಲಿಲ್ಲ.

"ಯಾಕೆ ನಿಂತೆ?"

"ಜಕ್ಕವ್ವ ನಾಳೆ ಚಂದ್ರನ ದಾರಿ ತೋರಿಸ್ತೀನಿ ಅಂದಿದ್ದಾರೆ. ಆದರೆ ಊರಲ್ಲಿ ಜನ ಜ್ವರದಲ್ಲಿ ಮಲಗಿರುವಾಗ ನಾನು ನಕ್ಷತ್ರ ನೋಡುತ್ತಾ ಕೂತರೆ ಹೇಗೆ, ಗುರುಗಳೇ?"

ಮರುದಿನ ಸಂಜೆ ಮುಕುಂದಯ್ಯ ಔಷಧದ ಕೋಣೆಗೆ ಬೀಗ ಹಾಕಿ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಗಿರಿಯವ್ವನ ಹತ್ತಿರ ಹೋಗಿ ಕೂತುಕೋ," ಎಂದರು.

ಗಿರಿಯವ್ವ ಜ್ವರ ಬಂದು ಆರೈಕೆಗೆಂದು ಗುರುಕುಲಕ್ಕೆ ಬಂದಿದ್ದ ಮುದುಕಿ. ಜ್ವರ ಬಿಟ್ಟಿತ್ತು, ಆದರೆ ಗೋಡೆಗೆ ಮುಖ ಮಾಡಿ ಮಲಗಿದವಳು ಏಳುತ್ತಿರಲಿಲ್ಲ, ಗಂಜಿ ಮುಟ್ಟುತ್ತಿರಲಿಲ್ಲ. ಸೋವಿದೇವ ಅವಳಿಗೆ ದಿನವೂ ಕಷಾಯ ಕುಡಿಸಿ ಬಟ್ಟಲು ಎತ್ತಿಕೊಂಡು ಬರುತ್ತಿದ್ದ, ಅಷ್ಟೇ. ಇವತ್ತು ಕೈಯಲ್ಲಿ ಬಟ್ಟಲಿಲ್ಲ. ಏನು ಮಾತಾಡುವುದೆಂದೂ ತೋಚಲಿಲ್ಲ.

"ಅಜ್ಜಿ, ನಿನ್ನೆ ರೋಹಿಣಿ ನೋಡಿದೆ," ಎಂದ.

ಗೋಡೆಯ ಕಡೆಯಿಂದಲೇ ದನಿ ಬಂತು. "ಕೆಂಪಗಿರತೈತಲ್ಲ, ಅದ?"

"ಅದೇ, ಅಜ್ಜಿ."

"ಸುಗ್ಗಿಯಾಗ ಕಣ ಕಾಯಾಕ ಹೋದಾಗ ನಮ್ಮನಿಯವ್ರು ತೋರಸ್ತಿದ್ರು. ನಾ ಕಾಣವಲ್ದು ಅಂತಿದ್ದೆ."

"ಕಾಣುತ್ತಿರಲಿಲ್ಲವಾ?"

ಗಿರಿಯವ್ವ ಈ ಕಡೆ ಹೊರಳಿದಳು. ಸುಕ್ಕುಗಟ್ಟಿದ ಮುಖದಲ್ಲಿ ನಾಚಿಕೆಯಿತ್ತು. "ಕಾಣತಿತ್ತಪ್ಪ. ಕಾಣವಲ್ದು ಅಂದ್ರ ನನ್ನ ಕೈ ಹಿಡದು ಮತ್ತೊಮ್ಮೆ ತೋರಸ್ತಿದ್ರು."

ಸೋವಿದೇವನಿಗೆ ನಗು ಬಂತು. ಅಜ್ಜಿಯೂ ನಕ್ಕಳು. ನಕ್ಕು ನಕ್ಕು ಕೆಮ್ಮು ಬಂದು, ನೀರು ಕೇಳಿದಳು. ನೀರಾದ ಮೇಲೆ ಎದ್ದು ಕೂತು ಗಂಜಿ ಕೇಳಿದಳು. ಗಂಜಿ ಮುಗಿಸಿ, "ಹೊತ್ತು ಮುಳುಗಿದ ಮ್ಯಾಲ ಅಂಗಳಕ್ಕ ನನ್ನ ಕರಕೊಂಡು ಹೋಗಪ್ಪ," ಎಂದಳು.

ಸೋವಿದೇವ ಒಂದೇ ಉಸಿರಿಗೆ ಹೊಳೆಯ ಮೆಟ್ಟಿಲಿಗೆ ಓಡಿದ. ಗುರುಗಳು ಅಲ್ಲಿ ಪಂಚೆ ಒಗೆಯುತ್ತಿದ್ದರು.

"ಗುರುಗಳೇ, ಅಜ್ಜಿ ಎದ್ದು ಕೂತರು, ಗಂಜಿ ಉಂಡರು. ವೈದ್ಯಕ್ಕೆ ಆಕಾಶದ ಉಪಯೋಗ ಏನು ಅಂತ ನನಗೆ ಗೊತ್ತಾಯಿತು. ನಾನು ಆಕಾಶವನ್ನೇ ಆರಿಸಿಕೊಳ್ತೀನಿ."

ಮುಕುಂದಯ್ಯ ಪಂಚೆ ಹಿಂಡಿ ಹೆಗಲಿಗೆ ಹಾಕಿಕೊಂಡರು. ಹೊಳೆಯಾಚೆ ಹೊತ್ತು ಮುಳುಗುತ್ತಿತ್ತು.

"ಬಹಳ ಸಂತೋಷ. ಅಜ್ಜಿ ಕಾಯ್ತಿರ್ತಾರೆ, ಹೋಗಿ ಇಬ್ಬರೂ ಸುಮ್ಮನೆ ನಕ್ಷತ್ರ ನೋಡಿ. ಆ ಉಪಯೋಗವನ್ನು ಮಾತ್ರ ಇಲ್ಲೇ ನನ್ನ ಹತ್ತಿರ ಬಿಟ್ಟು ಹೋಗು."