ಕದ ಕಿತ್ತ ಮನೆಗೆ ಎರಡು ನಾಯಿ

ನೆಟ್ಟಗೆ ಕೂತು ಕೇಳಿ. ನಡುವೆ ಪ್ರಶ್ನೆ ಕೇಳಬೇಡಿ. ಈ ಕತೆಯ ಗುಡ್ಡಪ್ಪನೂ ಪ್ರಶ್ನೆ ಕೇಳಿದವನಲ್ಲ. ಕೇಳಿದ್ದರೆ ಕತೆಯೇ ಹುಟ್ಟುತ್ತಿರಲಿಲ್ಲ.

ಮಂಡಕ್ಕಿ ಭಟ್ಟಿಗಳ ಒಂದು ಕೇರಿ. ಕೇರಿಯ ಕೊನೆಯ ಮನೆಯಲ್ಲಿ ಹಾಲಮ್ಮ ಎಂಬ ತಾಯಿ, ಗುಡ್ಡಪ್ಪ ಎಂಬ ಮಗ. ಬೆಳಗಾದರೆ ಹಾಲಮ್ಮ ಭಟ್ಟಿಗೆ ಹೋಗಿ ಕಾದ ಮರಳಿನಲ್ಲಿ ಅಕ್ಕಿ ಹುರಿದು ಮಂಡಕ್ಕಿ ಮಾಡುವವಳು. ಗುಡ್ಡಪ್ಪನಿಗೆ ಮೀಸೆ ಬಂದಿತ್ತು, ಬುದ್ಧಿ ಮಾತ್ರ ದಾರಿಯಲ್ಲೆಲ್ಲೋ ಕೂತು ಸುಧಾರಿಸಿಕೊಳ್ಳುತ್ತಿತ್ತು. ಹಾಗಂತ ಅವನು ಮೈಗಳ್ಳನಲ್ಲ, ಸುಳ್ಳುಗಾರನಲ್ಲ. ಹೇಳಿದ್ದನ್ನು ಮಾಡುತ್ತಿದ್ದ. ಹೇಳಿದಷ್ಟನ್ನೇ ಮಾಡುತ್ತಿದ್ದ. ತೊಂದರೆ ಇದ್ದದ್ದೇ ಅಲ್ಲಿ.

ಮನೆಯಲ್ಲಿ ಕೆಂಚಿ ಎಂಬ ನಾಯಿ ಇತ್ತು. ಅದು ಹಾಲಮ್ಮನ ನಾಯಿ. ಅವಳ ಹಿಂದೆಯೇ ಭಟ್ಟಿಗೆ ಹೋಗುವುದು, ಅವಳ ಹಿಂದೆಯೇ ಬರುವುದು. ಗುಡ್ಡಪ್ಪ ಇಡೀ ದಿನ ಜಗಲಿಯಲ್ಲಿ ಒಬ್ಬನೇ. ಕೇರಿಯವರು ಅವನನ್ನು ಮಾತನಾಡಿಸಿದರೆ ಅದು ನಗುವುದಕ್ಕೇ. ಹಾಲಮ್ಮ ಯೋಚಿಸಿದಳು: ಇವನದು ಅಂತ ಒಂದು ಜೀವ ಬೇಕು. ಒಂದು ಜೀವವನ್ನಾದರೂ ಇವನು ಸರಿಯಾಗಿ ನೋಡಿಕೊಂಡ ಎನ್ನುವುದನ್ನು ನಾನು ಕಣ್ಣಾರೆ ಕಾಣಬೇಕು.

ಕೆರೆ ಏರಿಯ ಆಚೆ ಲೀಲಾ ಟೀಚರ್ ಇದ್ದರು. ನಿವೃತ್ತರಾದ ಮೇಲೆ ಬೀದಿಪಾಲಾದ ನಾಯಿಗಳನ್ನು ಹಿತ್ತಲಲ್ಲಿ ಸಾಕಿ, ಒಳ್ಳೆಯ ಮನೆ ಸಿಕ್ಕರೆ ಕೊಡುತ್ತಿದ್ದರು. ಮರಿಗಳನ್ನು ಜನ ನಾ ಮುಂದು ತಾ ಮುಂದು ಎಂದು ಒಯ್ದರು. ಒಂದು ಮುದಿ ನಾಯಿಯನ್ನು ಮಾತ್ರ ಯಾರೂ ಕೇಳಲಿಲ್ಲ. ಮೂತಿ ನರೆತಿತ್ತು, ಹಿಂಗಾಲು ಕುಂಟು. ಆದರೂ ನಡಿಗೆಯಲ್ಲಿ ಒಂದು ಗತ್ತು. ಅದಕ್ಕೇ ಅದರ ಹೆಸರು ಸಾಹುಕಾರ. ಹಾಲಮ್ಮನ ಜೊತೆ ಬಂದ ಗುಡ್ಡಪ್ಪ ಅದರ ಹತ್ತಿರ ಹೋಗಿ ಕೂತ. ಸಾಹುಕಾರ ಬಂದು ಅವನ ಪಾದದ ಮೇಲೆ ಗದ್ದ ಇಟ್ಟು ಮಲಗಿತು. ಅದು ಏಳುವ ತನಕ ಗುಡ್ಡಪ್ಪ ಕಾಲು ಕದಲಿಸಲಿಲ್ಲ.

ಲೀಲಾ ಟೀಚರ್ ಕಟ್ಟುನಿಟ್ಟಿನವರು. "ಕೊಡುತ್ತೇನೆ ಹಾಲಮ್ಮ. ಆದರೆ ಇವನೇ ನೋಡಿಕೊಳ್ಳಬೇಕು, ನೀನಲ್ಲ. ನಿಮ್ಮ ಕೆಂಚಿ ಇದನ್ನು ಒಪ್ಪಬೇಕು. ಮುಂದಿನ ಸೋಮವಾರ ಬಂದು ನೋಡುತ್ತೇನೆ. ಕಚ್ಚಾಟ ಕಂಡರೆ ವಾಪಸು ಕರೆದುಕೊಂಡು ಹೋಗುತ್ತೇನೆ. ಈ ವಯಸ್ಸಿನಲ್ಲಿ ಅದಕ್ಕೆ ಇನ್ನೊಂದು ಜಗಳ ಬೇಡ."

"ಆಗಲಿ ಟೀಚರ್."

"ಮೊದಲು ವಾಸನೆಯ ಪರಿಚಯವಾಗಲಿ. ಇದು ಮಲಗುವ ಗೋಣಿಯನ್ನು ಒಯ್ದು ಕೆಂಚಿಯ ಮುಂದೆ ಹಾಸಿ."

ಮರುದಿನ ಹಾಲಮ್ಮ ಮಗನನ್ನು ಗೋಣಿ ತರಲು ಕಳಿಸಿದಳು. ಗುಡ್ಡಪ್ಪ ಹೋದ. ಸಂಜೆ ಬಂದ. ಗೋಣಿ ಮಡಚಿ ಎದೆಗೆ ಅವಚಿಕೊಂಡಿದ್ದ. ಕೆಂಚಿ ಮೂಸಿ ನೋಡಿ ಸೀನಿತು.

"ಇದೇನೋ, ಸೋಪಿನ ವಾಸನೆ?"

"ಕೆರೆಯಲ್ಲಿ ಒಗೆದು ತಂದೆ. ಕೊಳೆ ಬಟ್ಟೆ ಮನೆಗೆ ತರಬೇಡ ಅಂತ ನೀನೇ ಹೇಳಿದ್ದೆಯಲ್ಲವ್ವ."

ಹಾಲಮ್ಮ ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ನ ಪೆದ್ದು ಮಗನೆ, ನಮಗೆ ಬೇಕಿದ್ದದ್ದೇ ಆ ಕೊಳೆ ಕಣೋ. ಅಲ್ಲಿಂದ ಏನು ತಂದರೂ ಇದ್ದದ್ದು ಇದ್ದ ಹಾಗೇ ತರಬೇಕು. ಅಲ್ಲಾಡಿಸಬಾರದು, ತೆಗೆಯಬಾರದು, ಸೇರಿಸಬಾರದು. ತಿಳೀತಾ?"

"ತಿಳೀತು."

"ಏನು ತಿಳೀತು?"

"ಇದ್ದದ್ದು ಇದ್ದ ಹಾಗೇ. ಅಲ್ಲಾಡಿಸಬಾರದು, ತೆಗೆಯಬಾರದು, ಸೇರಿಸಬಾರದು."

ಒಂದಕ್ಷರ ತಪ್ಪಲಿಲ್ಲ. ಪಾಠ ಒಪ್ಪಿಸುವುದರಲ್ಲಿ ಗುಡ್ಡಪ್ಪನನ್ನು ಮೀರಿಸಿದವರಿಲ್ಲ.

ಮಾರನೆಯ ದಿನ ಸಾಹುಕಾರನನ್ನೇ ತರಲು ಹೋದ. ಸಾಹುಕಾರ ಟೀಚರ ಪಡಸಾಲೆಯ ಬೆಂಚಿನ ಮೇಲೆ ನಿದ್ದೆ ಮಾಡುತ್ತಿತ್ತು. ಇದ್ದದ್ದು ಇದ್ದ ಹಾಗೇ! ಗುಡ್ಡಪ್ಪ ಬಗ್ಗಿದ, ಬೆಂಚಿನ ಸಮೇತ ತಲೆಯ ಮೇಲೆ ಹೊತ್ತ, ಕೆರೆ ಏರಿ ಹಿಡಿದು ಹೊರಟ. ಹಿಂದೆ ಟೀಚರ್ ಕೂಗುತ್ತಿದ್ದರು. ಮುಂದೆ ಹುಡುಗರು ಕುಣಿಯುತ್ತಿದ್ದರು. ಮೇಲೆ ಸಾಹುಕಾರ ಒಂದು ಕಣ್ಣು ತೆರೆದು ನೋಡಿ, ಸವಾರಿ ಚೆನ್ನಾಗಿದೆ ಎಂದು ಮತ್ತೆ ಮುಚ್ಚಿಕೊಂಡಿತು.

"ಬೆಂಚು ಯಾಕೋ ತಂದೆ?"

"ತೆಗೆದರೆ ಅಲ್ಲಾಡುತ್ತಿತ್ತವ್ವ."

ಹಾಲಮ್ಮ ಹಣೆ ಚಚ್ಚಿಕೊಂಡಳು. "ಹೋಗು, ಬೆಂಚು ಕೊಟ್ಟು ಬಾ. ವಯಸ್ಸಾದವರನ್ನು ಕರೆತರುವುದು ಹೀಗಾ? ಮೆತ್ತನೆಯ ಹಗ್ಗ ಕಟ್ಟಿ ನೀನು ಮುಂದೆ ಮೆಲ್ಲಗೆ ನಡೆಯಬೇಕು. ಅವರು ನಿಂತರೆ ನೀನೂ ನಿಲ್ಲಬೇಕು. ಬರದಿದ್ದರೆ ಅಂಗೈಯಲ್ಲಿ ಮಂಡಕ್ಕಿ ತೋರಿಸಿ, ಬಾ ಬಾ ಎಂದು ಪುಸಲಾಯಿಸಬೇಕು. ತಿಳೀತಾ?"

"ತಿಳೀತು." ಒಪ್ಪಿಸಿದ. ಒಂದಕ್ಷರ ತಪ್ಪಲಿಲ್ಲ.

ಸಾಹುಕಾರನ ಕಾಲು ನೋಯುತ್ತಿತ್ತು. ದನದ ಆಸ್ಪತ್ರೆಯ ಪಂಪಾಪತಿ ಡಾಕ್ಟರನ್ನು ಕರೆದುಕೊಂಡು ಬಾ ಎಂದು ಹಾಲಮ್ಮ ಮಗನನ್ನು ಕಳಿಸಿದಳು. ಡಾಕ್ಟರು ಹಿರಿಯರು, ತಲೆಗೂದಲೆಲ್ಲ ಬೆಳ್ಳಗೆ. ಎಮ್ಮೆಯ ಬಾಯಿ ನೋಡಲು ಬಗ್ಗಿದ್ದರು. ಎದ್ದು ನಿಲ್ಲುವಷ್ಟರಲ್ಲಿ ಸೊಂಟದಲ್ಲಿ ಹಗ್ಗ ಇತ್ತು. ಗುಡ್ಡಪ್ಪ ಮುಂದೆ ಮೆಲ್ಲಗೆ ನಡೆದ. ಡಾಕ್ಟರು ನಿಂತರು. ಅವನೂ ನಿಂತ. ಅಂಗೈಯಲ್ಲಿ ಮಂಡಕ್ಕಿ ತೋರಿಸಿದ. "ಬಾ ಬಾ." ನಡುಬೀದಿಯಲ್ಲಿ ಜಗ್ಗಾಡಿದರೆ ಇನ್ನೂ ನಾಚಿಕೆಗೇಡು ಎಂದು ಡಾಕ್ಟರು ಸುಮ್ಮನೆ ಬಂದರು. ಪುಣ್ಯಾತ್ಮರು, ಕಾಲಿಗೆ ಎಣ್ಣೆಯನ್ನೂ ಬರೆದುಕೊಟ್ಟರು. "ಹಾಲಮ್ಮ, ಮಂಡಕ್ಕಿ ಗರಿಗರಿಯಾಗಿತ್ತು. ಹಗ್ಗ ಮಾತ್ರ ಸ್ವಲ್ಪ ಬಿಗಿ," ಎಂದು ಹೇಳಿ ಹೋದರು.

ಹಾಲಮ್ಮನಿಗೆ ಭೂಮಿ ಬಾಯ್ಬಿಡಬಾರದೇ ಎನಿಸಿತು. "ಮನೆಗೆ ಬಂದ ದೊಡ್ಡವರಿಗೆ ಹಗ್ಗ ಹಾಕ್ತಾರೇನೋ? ಕಾಲಿಗೆ ನೀರು ಕೊಡಬೇಕು, ಮಣೆ ಹಾಕಬೇಕು, ಎಲೆ ಹಾಕಬೇಕು. ಬಂದವರಿಗೆ ಮೊದಲು ಬಡಿಸಬೇಕು. ಅವರು ಸಾಕು ಅನ್ನುವ ತನಕ ಬಡಿಸಬೇಕು. ಮನೆಯವರದು ಆಮೇಲೆ. ತಿಳೀತಾ?"

"ತಿಳೀತು."

ತಿಳಿದದ್ದು ರಾತ್ರಿ ಊಟದ ಹೊತ್ತಿಗೆ ಗೊತ್ತಾಯಿತು. ಗುಡ್ಡಪ್ಪ ಸಾಹುಕಾರನ ನಾಲ್ಕೂ ಕಾಲಿಗೆ ನೀರು ಹಾಕಿದ. ಮಣೆ ಹಾಕಿದ. ಬಾಳೆ ಎಲೆ ಹಾಕಿ ಮುದ್ದೆ ಬಡಿಸಿದ, ಸಾರು ಬಡಿಸಿದ. ಸಾಹುಕಾರ ತಿಂದಿತು, ಸಾಕು ಅನ್ನಲಿಲ್ಲ. ಇನ್ನೊಮ್ಮೆ ಬಡಿಸಿದ. ತಿಂದಿತು, ಸಾಕು ಅನ್ನಲಿಲ್ಲ. ಕೊನೆಗೆ ಕೆಂಚಿಯ ಪಾಲನ್ನೂ ಬಡಿಸಿದ.

ಕೆಂಚಿ ಅಲ್ಲಿಯ ತನಕ ನೋಡುತ್ತಾ ಕೂತಿತ್ತು. ತನ್ನ ಮನೆ, ತನ್ನ ಮುದ್ದೆ. ಹಾರಿತು. ಸಾಹುಕಾರನ ಕಿವಿ ಹರಿದು ರಕ್ತ ಮಣೆಯ ಮೇಲೆಲ್ಲ ಚೆಲ್ಲಿತು.

ಹಾಲಮ್ಮ ಗಾಯಕ್ಕೆ ಅರಿಸಿನ ಒತ್ತಿದಳು. ಈ ಸಲ ಹಣೆ ಚಚ್ಚಿಕೊಳ್ಳಲಿಲ್ಲ. "ಸೋಮವಾರ ಟೀಚರ್ ಈ ಕಿವಿ ನೋಡಿದರೆ ಏನಾಗುತ್ತೆ ಗೊತ್ತಾ?"

"ಕರೆದುಕೊಂಡು ಹೋಗ್ತಾರೆ." ಗುಡ್ಡಪ್ಪ ಸಾಹುಕಾರನ ಬೆನ್ನು ಸವರಿದ. ಆಮೇಲೆ ಯಾರೂ ಹೇಳಿಕೊಡದ ಒಂದು ಮಾತು ಅವನ ಬಾಯಿಂದ ಬಂತು. "ಅಲ್ಲಿ ಅದಕ್ಕೆ ತಲೆ ಇಡೋಕೆ ನನ್ನ ಕಾಲು ಸಿಗಲ್ಲವ್ವ."

ಹಾಲಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. "ಕೇಳು. ಜಗಳವಾಡುವವರ ನಡುವೆ ಒಂದು ಅಡ್ಡ ಇರಬೇಕು. ಒಬ್ಬರ ಎಲೆ ಇನ್ನೊಬ್ಬರಿಗೆ ಕಾಣಬಾರದು. ಮೊದಲು ಮನೆಯವರಿಗೆ ಬಡಿಸು, ಆಮೇಲೆ ಬಂದವರಿಗೆ. ತಿಳೀತಾ?"

"ತಿಳೀತು."

ಅಂದಿನಿಂದ ಕೆಂಚಿ ಮನೆಯೊಳಗೆ, ಸಾಹುಕಾರ ಜಗಲಿಯ ಮೇಲೆ, ನಡುವೆ ಮುಚ್ಚಿದ ಬಾಗಿಲು. ಕೆಂಚಿ ಭಟ್ಟಿಗೆ ಹೋಗುವುದನ್ನೂ ಬಿಟ್ಟಿತು. ಬಾಗಿಲ ಆಚೆ ಪರಕೀಯ ಕೂತಿರುವಾಗ ಮನೆ ಕಾಯಬೇಡವೇ. ಕಚ್ಚಾಟ ನಿಂತಿತು, ಗುರುಗುಟ್ಟುವುದು ನಿಲ್ಲಲಿಲ್ಲ.

ಭಾನುವಾರ ಹಾಲಮ್ಮನ ನಾದಿನಿ ರುದ್ರಮ್ಮ ಬಂದಳು. ಅತ್ತೆ ಬಿಟ್ಟುಹೋದ ಹಿತ್ತಾಳೆ ಹಂಡೆ ಯಾರಿಗೆ ಸೇರಬೇಕು ಎಂದು ಜಗಳವಾಗಿ, ಆ ಇಬ್ಬರೂ ಮಾತು ಬಿಟ್ಟು ವರ್ಷಗಳಾಗಿದ್ದವು. ಆದರೂ ಮೊಮ್ಮಗಳ ನಾಮಕರಣಕ್ಕೆ ಅತ್ತಿಗೆಯನ್ನು ಕರೆಯದಿದ್ದರೆ ಜನ ಏನಂದಾರು? ಕುಂಕುಮದ ಬಟ್ಟಲು ಹಿಡಿದು ಬಂದಿದ್ದಳು. ಕುಂಕುಮ ತಂದವಳನ್ನು ಹಸಿದ ಹೊಟ್ಟೆಯಲ್ಲಿ ಕಳಿಸುವಂತಿಲ್ಲ. ಹಾಲಮ್ಮ ಮಾತಿಲ್ಲದೆ ಎರಡು ಎಲೆ ಹಾಕಿದಳು. ಮಾತಿಲ್ಲದೆ ಇಬ್ಬರೂ ಕೂತರು.

ಗುಡ್ಡಪ್ಪ ನೋಡಿದ. ಜಗಳವಾಡುವವರು! ಒಂದು ದುಪ್ಪಟಿ ತಂದು ಇಬ್ಬರ ನಡುವೆ ಗೂಟದಿಂದ ಗೂಟಕ್ಕೆ ಕಟ್ಟಿದ. ತಾಯಿಗೆ ಬಡಿಸಿದ. ತಾಯಿ ಉಂಡು ಮುಗಿಸಲಿ ಎಂದು ಸಾರಿನ ಪಾತ್ರೆ ಹಿಡಿದು ನಿಂತ.

ಆಚೆ ಸದ್ದಿಲ್ಲ. ಈಚೆ ಸದ್ದಿಲ್ಲ.

"ಅತ್ತಿಗೆ," ದುಪ್ಪಟಿಯ ಆಚೆಯಿಂದ ರುದ್ರಮ್ಮನ ದನಿ ಬಂತು. "ನನಗೆ ಸಾರು ಬರುತ್ತೋ, ಇಲ್ಲ ವಾಸನೆಯೇ ಊಟವೋ?"

ಹಾಲಮ್ಮನಿಗೆ ನಗು ಬಂದು ಅನ್ನ ನೆತ್ತಿಗೆ ಹತ್ತಿತು. ಮುಖ ಕಾಣದಿದ್ದರೆ ಮಾತು ಸುಲಭ. "ಆ ಹಂಡೆ ನೀನೇ ತಗೊಂಡು ಹೋಗೇ. ನನಗೆ ಎತ್ತೋಕೂ ಆಗಲ್ಲ."

"ನನ್ನ ಸೊಂಟ ಎಲ್ಲಿ ಗಟ್ಟಿ ಇದೆ? ಇಲ್ಲೇ ಇರಲಿ ಬಿಡು."

ರುದ್ರಮ್ಮ ನಗುತ್ತಲೇ ಹೋದಳು. ಆದರೂ ತಾಯಿ ತಾಯಿಯೇ, ಬುದ್ಧಿ ಹೇಳದೆ ಬಿಟ್ಟಾಳೆ? "ನಮ್ಮವರು ನಮ್ಮವರ ನಡುವೆ ಅಡ್ಡ ಕಟ್ಟುವುದು ಯಾವ ಊರಿನ ನಡತೆಯೋ? ಹೀಗೆ ಅಡ್ಡ ಇರೋದು ಎಲ್ಲಿ ಕಂಡರೂ ಕಿತ್ತು ಹಾಕಬೇಕು. ತಿಳೀತಾ?"

"ತಿಳೀತು."

ಹಾಲಮ್ಮನಿಗೆ ಆಗಲೇ ಎದೆ ಝಲ್ ಎನ್ನಬೇಕಿತ್ತು. ಎನ್ನಲಿಲ್ಲ.

ಸೋಮವಾರ ಅವಳು ಬೇಗ ಭಟ್ಟಿ ಮುಗಿಸಿ ಮಂಡಕ್ಕಿ ಬುಟ್ಟಿ ಹೊತ್ತು ಬಂದಳು. ಮನೆಗೆ ಬಾಗಿಲು ಇರಲಿಲ್ಲ. ಅಜ್ಜನ ಕಾಲದ ತೇಗದ ಕದ, ಹಾರೆಯಿಂದ ಮೀಟಿ ಕಿತ್ತದ್ದು, ಜಗಲಿಯ ಮೇಲೆ ಅಂಗಾತ ಮಲಗಿತ್ತು. ಸಾಹುಕಾರನ ಜಾಗ ಖಾಲಿ. ಹೊಸ್ತಿಲ ಆಚೆ ಬರೀ ಕತ್ತಲು, ಗುರುಗುಟ್ಟುವ ಸದ್ದೂ ಇಲ್ಲ.

"ನಡುವೆ ಇದ್ದದ್ದು ಇದೊಂದೇ ಅವ್ವ," ಎಂದ ಗುಡ್ಡಪ್ಪ.

ಹಾಲಮ್ಮ ಬುಟ್ಟಿ ಇಳಿಸಿ ಆ ಕದದ ಮೇಲೆಯೇ ಕುಸಿದು ಕೂತಳು. ಒಳಗೆ ನೋಡುವ ಧೈರ್ಯ ಬರಲಿಲ್ಲ, ಬೈಯುವ ಧೈರ್ಯ ಮಾತ್ರ ಬಂತು. "ಮನೆಗೆ ಬಾಗಿಲು ಯಾಕೆ ಇರೋದು ಗೊತ್ತೇನೋ ನಿನಗೆ? ಬಂದವರು ಅದನ್ನು ತಟ್ಟಬೇಕು. ಮನೆಯವರು ಯಾರು ಅನ್ನಬೇಕು. ಬಾ ಅಂದ ಮೇಲೆ ಅವರು ಬರಬೇಕು. ಬಂದ ಮೇಲೆ ಚಿಲಕ ಹಾಕಬೇಕು. ತಿಳೀತಾ?"

"ತಿಳೀತು."

ಅಷ್ಟರಲ್ಲಿ ಕೊಡೆ ಊರಿಕೊಂಡು ಲೀಲಾ ಟೀಚರ್ ಬಂದರು. ಮೆಟ್ಟಿಲು ಹತ್ತಿ ನೇರ ಒಳಗೆ ಹೊರಟರು. ಗುಡ್ಡಪ್ಪ ಎರಡೂ ಕೈ ಚಾಚಿ ಅಡ್ಡ ನಿಂತ.

"ಟೀಚರಮ್ಮ, ಮೊದಲು ಬಾಗಿಲು ತಟ್ಟಿ."

ಟೀಚರ್ ಖಾಲಿ ಚೌಕಟ್ಟು ನೋಡಿದರು. "ಯಾವ ಬಾಗಿಲಪ್ಪ?"

"ಅವ್ವ ಕೂತಿದಾಳಲ್ಲ, ಅದು."

ನಲವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವರು ಅವರು. ಯಾವಾಗ ವಾದ ಮಾಡಬಾರದು ಎಂದು ಬಲ್ಲರು. ಬಗ್ಗಿ ಹಾಲಮ್ಮನ ಮಂಡಿಯ ಪಕ್ಕದಲ್ಲಿ ತಟ್ಟಿದರು.

"ಅವ್ವ, ಯಾರು ಅನ್ನು."

"ಯಾರು?" ಎಂದಳು ಹಾಲಮ್ಮ, ಅಳುವ ದನಿಯಲ್ಲಿ.

"ನಾನಮ್ಮ, ಲೀಲಾ." ಟೀಚರ್ ಒಳಗೆ ಇಣುಕಿದರು. ಕೊಡೆ ಊರಿ ಇನ್ನಷ್ಟು ಬಗ್ಗಿ ನೋಡಿದರು. ಆಮೇಲೆ ಕೇಳಿದರು: "ಇದರ ಕಿವಿ ಕಚ್ಚಿದ್ದು ಯಾರು?"

"ಕೆಂಚಿ," ಎಂದ ಗುಡ್ಡಪ್ಪ. ಅವನಿಗೆ ಸುಳ್ಳು ಬರುವುದಿಲ್ಲ. ಹಾಲಮ್ಮ ಕಣ್ಣು ಮುಚ್ಚಿಕೊಂಡಳು.

"ಈಗ ನೆಕ್ಕುತ್ತಾ ಇರುವುದು?"

"ಅದೂ ಕೆಂಚಿನೇ. ಬಾಗಿಲು ಇಲ್ಲ ಅಂತ ಕೇರಿಯ ಗೂಳಿ ಒಳಗಿದ್ದ ಮಂಡಕ್ಕಿ ಚೀಲಕ್ಕೆ ಬಾಯಿ ಹಾಕೋಕೆ ಬಂತು. ಕೆಂಚಿ ಬೊಗಳಿತು, ಹಾರಿತು. ಗೂಳಿ ನಿಲ್ಲಲಿಲ್ಲ. ಸಾಹುಕಾರನಿಗೆ ಓಡೋಕೆ ಬರಲ್ಲವಲ್ಲ, ಹೋಗಿ ಹೊಸ್ತಿಲಿಗೆ ಅಡ್ಡ ಮಲಗಿತು. ಗೂಳಿ ಅದನ್ನು ದಾಟಲಿಲ್ಲ. ಆಮೇಲೆ ಕೆಂಚಿ ಬಂದು ಪಕ್ಕದಲ್ಲಿ ಮಲಗಿತು."

ಹಾಲಮ್ಮ ಕಣ್ಣು ಬಿಟ್ಟು ನೋಡಿದಳು. ಹೊಸ್ತಿಲ ಒಳಗೆ, ಕೆಂಚಿಯ ಬೆನ್ನ ಮೇಲೆ ನರೆತ ಗದ್ದ ಇಟ್ಟು ಸಾಹುಕಾರ ಗೊರಕೆ ಹೊಡೆಯುತ್ತಿತ್ತು.

"ಇದು ಇನ್ನು ನಿಮ್ಮದು," ಎಂದರು ಟೀಚರ್. "ಇಷ್ಟು ನೆಮ್ಮದಿಯಾಗಿ ಮಲಗಿದ್ದನ್ನು ನಾನೇ ನೋಡಿರಲಿಲ್ಲ. ಯಾರೂ ಎಬ್ಬಿಸಬೇಡಿ."

ಹಾಲಮ್ಮ ಮಗನ ತಲೆ ಸವರಿದಳು. ಟೀಚರಿಗೆ ಕಾಫಿ ಮಾಡಲೆಂದು ಒಳಗೆ ಹೊರಟಳು. ಗುಡ್ಡಪ್ಪ ಅಡ್ಡ ನಿಂತ.

"ಹೋಗಬೇಡವ್ವ. ದಾಟಿದರೆ ಎದ್ದುಬಿಡುತ್ತೆ. ಯಾರೂ ಎಬ್ಬಿಸಬೇಡಿ ಅಂದಿದಾರೆ."

"ನಮ್ಮ ಮನೆ ಕಣೋ ಇದು."

"ಯಾರೂ ಅಂದಿದಾರೆ."

ಹಾಲಮ್ಮ ಒಂದು ಬುದ್ಧಿ ಹೇಳಲು ಬಾಯಿ ತೆರೆದಳು. ಅದರಿಂದ ನಾಳೆ ಏನಾದೀತು ಎಂದು ಯೋಚಿಸಿ ಮುಚ್ಚಿಕೊಂಡಳು. ಹೋಗಿ ಕದದ ಮೇಲೆ ಕೂತಳು. ಟೀಚರೂ ಸೀರೆ ಸರಿಮಾಡಿಕೊಂಡು ಕೂತರು. ಬುಟ್ಟಿಯ ಮಂಡಕ್ಕಿ ನಡುವೆ ಬಂತು.

ಅಷ್ಟರಲ್ಲಿ ರುದ್ರಮ್ಮ ತಂಬಿಗೆಯಲ್ಲಿ ಮಜ್ಜಿಗೆ ತಂದಳು. "ಇದೇನು ಅತ್ತಿಗೆ, ಮನೆ ಬಿಟ್ಟು ಕದದ ಮೇಲೆ ಸಂಸಾರ?"

"ಅತ್ತೆ, ಮೊದಲು ತಟ್ಟು," ಎಂದ ಗುಡ್ಡಪ್ಪ.

ರುದ್ರಮ್ಮ ಅತ್ತಿಗೆಯ ಮುಖ ನೋಡಿದಳು. ಬಗ್ಗಿ ತಟ್ಟಿದಳು.

"ಯಾರು?" ಎಂದಳು ಹಾಲಮ್ಮ, ಈ ಸಲ ಗಟ್ಟಿಯಾಗಿ.

"ನಾನು ಅತ್ತಿಗೆ, ರುದ್ರಿ."

"ಬಾರೇ, ಒಳಗೆ ಬಾ." ಹಾಲಮ್ಮ ಸರಿದು ಕದದ ಮೇಲೆ ಜಾಗ ಮಾಡಿಕೊಟ್ಟಳು.

ರುದ್ರಮ್ಮ ಕೂತಳು. ಎಲ್ಲರೂ ಒಳಗೆ ಬಂದಾಯಿತಲ್ಲ ಎಂದು ಗುಡ್ಡಪ್ಪ ಒಮ್ಮೆ ಸುತ್ತ ನೋಡಿದ. ಆಮೇಲೆ ಬಗ್ಗಿ, ಅವರೆಲ್ಲ ಕೂತಿದ್ದ ಕದದ ಚಿಲಕ ಹಾಕಿದ.