ಮುಳ್ಳಿನೊಳಗೆ ಸೇರಿಕೊಂಡ ಹುಲ್ಲು

ಲೋಕ ಇನ್ನೂ ಎಳೆಯದಾಗಿದ್ದ ಕಾಲ. ಗಾಳಿಗೆ ಮಾತು ಬರುತ್ತಿತ್ತು, ಹುಲ್ಲಿಗೂ ಬರುತ್ತಿತ್ತು. ಮಳೆ ಕಡಿಮೆ ಬೀಳುವ ಒಂದು ಮೇವಿನ ಕಾವಲಿನ ತುಂಬ ಎದೆಯುದ್ದ ಸಿಹಿ ಹುಲ್ಲು ಬೆಳೆದಿತ್ತು. ಅದರ ಕಾಲಬುಡದಲ್ಲಿ ಗರಿಕೆ, ಪಕ್ಕದಲ್ಲಿ ಕಹಿ ಎಲೆಯ ತಂಗಡಿ ಗಿಡ, ಅಲ್ಲೊಂದು ಇಲ್ಲೊಂದು ಕಾರೆಮುಳ್ಳಿನ ಪೊದೆ. ಕಾರೆಯನ್ನು ಯಾರೂ ಮಾತಾಡಿಸುತ್ತಿರಲಿಲ್ಲ. ಅದಕ್ಕೂ ಅದೇ ಬೇಕಿತ್ತು.

ಕುರಿ ಕಾಯುವ ಮಾಳವ್ವ ವರ್ಷಕ್ಕೊಮ್ಮೆ ಮಂದೆ ಹೊಡೆದುಕೊಂಡು ಅಲ್ಲಿಗೆ ಬರುತ್ತಿದ್ದಳು. ಹಿರಿಯರ ಕಟ್ಟಳೆ ಇತ್ತು: ಮೂರು ದಿನ ಮೇಯಿಸು, ನಾಲ್ಕನೆಯ ಬೆಳಿಗ್ಗೆ ಮಂದೆ ಎಬ್ಬಿಸು. ಎಳೆಮರಿ ಇದ್ದರೆ ಕಂಬಳಿಯಲ್ಲಿ ಕಟ್ಟಿ ಹೊತ್ತುಕೊಂಡು ಹೋಗು.

ಒಂದು ವರ್ಷ ಅವಳ ಮುದ್ದಿನ ಕುರಿ ಕರಿಕಿವಿ ಮೂರನೆಯ ದಿನ ಈಯಿತು, ಈದು ಸತ್ತಿತು. ಉಳಿದದ್ದು ಕಾಲು ನಿಲ್ಲದ ಒಂದು ಮರಿ. ಹೊತ್ತುಕೊಂಡು ಹೋದರೆ ದಾರಿಯಲ್ಲೇ ಹೋದೀತು ಎಂದು ಮಾಳವ್ವ ಹೆದರಿದಳು.

"ಹುಲ್ಲವ್ವ, ಇನ್ನು ನಾಲ್ಕು ದಿನ ಇರ್ತೀನಿ. ಮರಿ ನಿಂತ್ಕೊಂಡ್ರೆ ಹೊರಟೆ."

"ಇರು ಮಗಳೇ," ಎಂದಿತು ಹುಲ್ಲು. "ನನ್ನ ತೆನೆ ಮಾತ್ರ ಬಿಡು. ಅವು ನನ್ನ ಮರಿ."

ಮರಿ ನಿಂತಿತು. "ನಡೆಯೋದು ಕಲೀಲಿ ಹುಲ್ಲವ್ವ, ಇನ್ನು ನಾಲ್ಕು ದಿನ." ಮರಿ ನಡೆಯಿತು. "ಓಡೋದು ಕಲೀಲಿ ಹುಲ್ಲವ್ವ, ಇನ್ನು ನಾಲ್ಕೇ ದಿನ." ತಾಯಿಯಿಲ್ಲದ ಮರಿಯೆಂದರೆ ಅವಳ ಕರುಳು ಚುರ್ರೆನ್ನುತ್ತಿತ್ತು. ಆದರೆ ಮಂದೆಗೆ ಹಸಿವೊಂದೇ ಗೊತ್ತು. ಬೆಳಿಗ್ಗೆ ಚಿಗುರಿದ್ದು ಸಂಜೆಗೆ ಇರುತ್ತಿರಲಿಲ್ಲ.

"ಅಕ್ಕಾ, ನನ್ನ ಹಾಗೆ ಮಲಗಿಬಿಡು," ಎಂದಿತು ಗರಿಕೆ. ಅದಾಗಲೇ ನೆಲವನ್ನು ತಬ್ಬಿ, ಗೆಣ್ಣು ಗೆಣ್ಣಿಗೂ ಬೇರು ಬಿಟ್ಟಿತ್ತು.

"ನನಗೆ ನಿಂತೇ ಅಭ್ಯಾಸ ತಂಗಿ," ಎಂದಿತು ಹುಲ್ಲು. ಅದೇ ಅದರ ಕೊನೆಯ ಮಾತು.

ಒಂದು ಬೆಳಿಗ್ಗೆ ಮಾಳವ್ವ ಎದ್ದು ನೋಡಿದರೆ ಕಾವಲು ಬೋಳಾಗಿತ್ತು. ಒಂದೇ ಒಂದು ಮಾಗಿದ ತೆನೆ ಉಳಿದಿತ್ತು. ಅದರತ್ತ ಕರಿಕಿವಿಯ ಮರಿ ಓಡುತ್ತಿತ್ತು. ಎಷ್ಟು ಚೆನ್ನಾಗಿ ಓಡುತ್ತಿತ್ತು. ಅವಳು ಹಿಂದೆಯೇ ಓಡಿ ಹಿಡಿಯುವಷ್ಟರಲ್ಲಿ ತೆನೆ ಅದರ ಬಾಯಿಗೆ ಹೋಗಿತ್ತು. ಬಾಯಿ ಬಿಡಿಸಿದಾಗ ಸಿಕ್ಕಿದ್ದು ಮೂರು ಬೀಜ.

"ಗರಿಕೆವ್ವ, ಇವನ್ನ ಇಟ್ಕೊ."

"ನಾನೇ ನೆಲ ಕಚ್ಚಿದ್ದೀನಿ. ಎಲ್ಲಿ ಬಚ್ಚಿಡ್ಲಿ?"

"ತಂಗಡಮ್ಮ, ನೀನು?"

"ನನ್ನ ಕಹಿ ನನ್ನನ್ನ ಕಾಯುತ್ತೆ ಕಣೆ, ಇನ್ನೊಬ್ಬರನ್ನ ಕಾಯಲ್ಲ."

ಆಗ ಯಾರೂ ಮಾತಾಡಿಸದ ಕಾರೆ ಮಾತಾಡಿತು. "ಇತ್ಲಾಗಿ ಕೊಡು. ನಿನ್ನ ಮರಿ ಬಂದ್ರೂ ಚುಚ್ತೀನಿ, ನೀನು ಬಂದ್ರೂ ಚುಚ್ತೀನಿ."

ಮಾಳವ್ವ ಪೊದೆಯೊಳಗೆ ಕೈ ಹಾಕಿ ಬೀಜ ಊರಿದಳು. ಮೊಣಕೈವರೆಗೆ ರಕ್ತ ಬಂತು. ಆಮೇಲೆ ಮಂದೆ ಎಬ್ಬಿಸಿಕೊಂಡು ಹೋದಳು.

ಮರುವರ್ಷ ಬಂದಾಗ ಪೊದೆಯ ನಡುವೆ ಹುಲ್ಲು ಎದೆಯುದ್ದ ನಿಂತಿತ್ತು. "ಹುಲ್ಲವ್ವ, ತಪ್ಪಾಯ್ತು," ಎಂದಳು. ಹುಲ್ಲು ಉತ್ತರ ಕೊಡಲಿಲ್ಲ. ಅವಳು ಅಲ್ಲೇ ಕೂತು ಅತ್ತಳು. ಮರಿ ಈಗ ದೊಡ್ಡ ಕುರಿಯಾಗಿತ್ತು, ಅವಳ ಕೈಯ ಕಲೆಗಳನ್ನು ನೆಕ್ಕುತ್ತ ನಿಂತಿತ್ತು.

ಅದಕ್ಕೇ ಮಗೂ, ಇವತ್ತಿಗೂ ಕುರಿ ಮೇಯುವ ಕಾವಲಿಗೆ ಹೋದರೆ ಗರಿಕೆ ನೆಲಕ್ಕೆ ಅಂಟಿಕೊಂಡಿರುತ್ತದೆ, ತಂಗಡಿ ಹಳದಿ ಹೂ ಬಿಟ್ಟು ನಿಂತಿರುತ್ತದೆ, ಸಿಹಿ ಹುಲ್ಲಿನ ತೆನೆ ಮಾತ್ರ ಕಾರೆಮುಳ್ಳಿನ ನಡುವೆ ಒಂದೋ ಎರಡೋ ಕಾಣುತ್ತದೆ. ಮಾತಾಡಿಸಿದರೆ ತಲೆ ಆಡಿಸುತ್ತದೆ, ಮಾತಾಡುವುದಿಲ್ಲ.