ಹದಿನೇಳರ ಮಗ್ಗಿ

ಓಬಯ್ಯನವರ ಆಶ್ರಮಕ್ಕೆ ಜನ ಎರಡು ಕಾರಣಕ್ಕೆ ಬರುತ್ತಿದ್ದರು. ಕೆಲವರು ಕಣ್ಣು ಮುಚ್ಚಿ ಕೂರುವುದನ್ನು ಕಲಿಯಲು. ಕೆಲವರು ಹಿಮದ ಬೆಟ್ಟ ಹತ್ತುವುದನ್ನು ಕಲಿಯಲು.

ಗಾದಿಲಿಂಗ ಎರಡಕ್ಕೂ ಬಂದಿದ್ದ.

ಆಶ್ರಮವೆಂದರೆ ಹಿಮಾಲಯದ ಒಂದು ನದಿಯ ದಂಡೆಯಲ್ಲಿ ಮೂರು ಕಲ್ಲಿನ ಕೋಣೆ, ಒಂದು ಒಲೆ, ಎರಡು ಹಸು. ಓಬಯ್ಯನವರು ಮೊಳಕಾಲ್ಮೂರು ಕಡೆಯವರು. ಹರೆಯದಲ್ಲಿ ಯಾತ್ರೆಯ ಗುಂಪೊಂದರ ಜೊತೆ ಬಂದು, ವಾಪಸು ಹೋಗುವ ಬಸ್ಸು ತಪ್ಪಿಸಿಕೊಂಡು, ಇಲ್ಲೇ ಉಳಿದರು. ಇಪ್ಪತ್ತು ವರ್ಷ ಪರ್ವತಾರೋಹಿಗಳ ಹೊರೆ ಹೊತ್ತರು. ಆಮೇಲೆ ದಾರಿ ತೋರಿಸಿದರು. ಯಾವಾಗ ಗುರುಗಳಾದರು ಎಂಬುದು ಅವರಿಗೂ ಸರಿಯಾಗಿ ಗೊತ್ತಿರಲಿಲ್ಲ. ಈಗ ವಯಸ್ಸು ಅರವತ್ತಾರು.

ಗಾದಿಲಿಂಗ ಕಂಪ್ಲಿಯಲ್ಲಿ ಗಣಿತದ ಮೇಷ್ಟ್ರಾಗಿದ್ದವನು. ಒಂದು ಬೇಸಿಗೆ ರಜೆಯಲ್ಲಿ ಹಿಮದ ಬೆಟ್ಟವೊಂದನ್ನು ಅರ್ಧ ಹತ್ತಿ ಬಂದಿದ್ದ. ಊರಿಗೆ ಮರಳಿದ ಮೇಲೆ ಕರಿಹಲಗೆಯ ಮುಂದೆ ನಿಂತರೂ ಕಣ್ಣಿಗೆ ಬಿಳಿಯೇ ಕಾಣುತ್ತಿತ್ತು. ಮರುವರ್ಷ ಕೆಲಸ ಬಿಟ್ಟು ಬಂದ.

ಮೂರು ವರ್ಷ ಸೌದೆ ಒಡೆದ. ಹಸು ಕರೆದ. ಹಗ್ಗದ ಗಂಟು ಕಲಿತ. ಮಂಜುಗಡ್ಡೆಯ ಮೇಲೆ ಬೀಳುವುದನ್ನು, ಬಿದ್ದು ನಿಲ್ಲುವುದನ್ನು ಕಲಿತ. ಕಣ್ಣು ಮುಚ್ಚಿ ಕೂರುವುದೊಂದು ಮಾತ್ರ ಅವನಿಗೆ ಒಲಿಯಲಿಲ್ಲ.

ಒಂದು ಬೆಳಗ್ಗೆ ಗುರುಗಳು ನದಿಯಲ್ಲಿ ಕಂಬಳಿ ಒಗೆಯುತ್ತಿದ್ದರು. ಕಣಿವೆಯ ತುದಿಯಲ್ಲಿ ಧವಳಕೂಟ ಶಿಖರ ಬಿಸಿಲಿಗೆ ಹೊಳೆಯುತ್ತಿತ್ತು.

"ಗುರುಗಳೇ, ನನ್ನನ್ನು ಅಲ್ಲಿಗೆ ಯಾವಾಗ ಕರ್ಕೊಂಡು ಹೋಗ್ತೀರಿ?"

"ಯಾಕೆ ಹೋಗ್ಬೇಕು?"

"ಮೇಲೆ ಹೋದರೆ ಮನಸ್ಸು ಸುಮ್ಮನಾಗುತ್ತೆ."

"ಇಲ್ಲಿ?"

"ಇಲ್ಲಿ ಆಗಲ್ಲ. ಮೂರು ವರ್ಷದಿಂದ ನೋಡ್ತಿದೀನಿ."

ಗುರುಗಳು ಕಂಬಳಿಯ ಒಂದು ತುದಿಯನ್ನು ಅವನ ಕೈಗೆ ಕೊಟ್ಟರು. ಇಬ್ಬರೂ ಸೇರಿ ಹಿಂಡಿದರು.

"ಹಂಗಾದ್ರೆ ನಡಿ, ಹೋಗಾನ," ಎಂದರು ಗುರುಗಳು.

ಇಷ್ಟು ಸುಲಭಕ್ಕೆ ಒಪ್ಪುತ್ತಾರೆ ಎಂದು ಗಾದಿಲಿಂಗ ಎಣಿಸಿರಲಿಲ್ಲ. ಅವನಿಗೆ ಮೂರು ವರ್ಷ ಕೇಳದೆ ಇದ್ದುದಕ್ಕೇ ಬೇಸರವಾಯಿತು.

ಹೊರಡುವ ದಿನ ಗುರುಗಳು ಒಂದು ಮಾತು ತೆಗೆದುಕೊಂಡರು.

"ಮೇಲೆ ಗಾಳಿ ತೆಳ್ಳಗೈತೆ. ಅಲ್ಲಿ ನಿನ್ನ ತಲೆ ನಿನ್ನದಲ್ಲ, ನನ್ನ ತಲೆ ನನ್ನದಲ್ಲ. ನಿಂತಲ್ಲೆಲ್ಲ ನಾನು ನಿನಗೆ ಮಗ್ಗಿ ಕೇಳ್ತೀನಿ. ತಪ್ಪಿದ್ರೆ ಇಳೀಬೇಕು."

ಗಾದಿಲಿಂಗನಿಗೆ ನಗು ಬಂತು. "ಹನ್ನೊಂದು ವರ್ಷ ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟೋನು ನಾನು. ನಿದ್ದೆಯಲ್ಲೂ ತಪ್ಪಲ್ಲ."

"ಒಳ್ಳೇದಾಯ್ತು."

"ನಿಮಗೆ ನಾನೇನು ಕೇಳಲಿ?"

"ನನಗೆ ಏಳು ಜನ ಅಕ್ಕಂದಿರು. ಹಿರಿಯೋಳಿಂದ ಹಿಡಿದು ಹೆಸರು ಕೇಳು. ನುಂಕಮ್ಮ, ಮಾರಕ್ಕ, ಬೋರಕ್ಕ, ತಿಪ್ಪಕ್ಕ, ಕಾಟಮ್ಮ, ಪಾಲಮ್ಮ, ದುರುಗಮ್ಮ. ಒಂದು ತಪ್ಪಿದ್ರೂ ನನ್ನ ಮಾತು ಕೇಳಬೇಡ. ಎಳ್ಕೊಂಡು ಇಳಿ."

ಸಾಮಾನು ಹೊರುವ ಹೇಸರಗತ್ತೆಗಳನ್ನು ಓಡಿಸುವ ರುಕ್ಮಾ ಎಂಬಾಕೆ ಹಿಮನದಿಯ ಬುಡದವರೆಗೆ ಬಂದಳು. ಅಲ್ಲಿ ಹೊರೆ ಇಳಿಸಿ, ಹಿಂತಿರುಗಿ ನೋಡದೆ ಹೋದಳು. ಆಮೇಲೆ ಇಬ್ಬರೇ.

ಎಂಟು ದಿನ ಅವರು ಹತ್ತಿದರು, ಇಳಿದರು, ಮತ್ತೆ ಹತ್ತಿದರು. ತೆಳು ಗಾಳಿಗೆ ರಕ್ತ ಒಗ್ಗಬೇಕಲ್ಲ. ಗಾದಿಲಿಂಗ ಅಷ್ಟು ಸುಖವಾಗಿ ಎಂದೂ ಇದ್ದಿರಲಿಲ್ಲ. ಬೂಟಿನ ಕೆಳಗಿನ ಉಕ್ಕಿನ ಮುಳ್ಳುಗಳು ಮಂಜನ್ನು ಕಚ್ಚುವ ಸದ್ದು. ಅದು ಬಿಟ್ಟರೆ ತನ್ನದೇ ಉಸಿರು. ಊರಿನ ನೆನಪಿಲ್ಲ, ನಾಳೆಯ ಚಿಂತೆಯಿಲ್ಲ. ಮುಂದಿನ ಹೆಜ್ಜೆ ಎಲ್ಲಿ ಎಂಬುದೊಂದೇ ಪ್ರಶ್ನೆ.

ನಿಂತಲ್ಲೆಲ್ಲ ಗುರುಗಳು ಕೇಳುತ್ತಿದ್ದರು. "ಹದಿಮೂರರದ್ದು." "ಹತ್ತೊಂಬತ್ತರದ್ದು."

ಅವನು ಪಟಪಟನೆ ಒಪ್ಪಿಸುತ್ತಿದ್ದ. ಗುರುಗಳೂ ಅಕ್ಕಂದಿರನ್ನು ಸಾಲಾಗಿ ಕರೆಯುತ್ತಿದ್ದರು.

ಒಂಬತ್ತನೆಯ ದಿನ ಬೆಳಕು ಹರಿಯುತ್ತಲೇ ಕೊನೆಯ ಗುಡಾರ ಬಿಟ್ಟರು. ಗಾಳಿ ಬೀಸುತ್ತಿರಲಿಲ್ಲ. ಒಂದು ಹೆಜ್ಜೆಗೆ ನಾಲ್ಕು ಉಸಿರು. ಆಮೇಲೆ ಒಂದು ಹೆಜ್ಜೆಗೆ ಏಳು. ಹೊತ್ತು ನೆತ್ತಿಗೇರುವ ಮೊದಲೇ ಇಬ್ಬರೂ ಶಿಖರದ ಹೆಗಲ ಮೇಲಿದ್ದರು. ತುದಿ ಅಲ್ಲೇ ಕಾಣುತ್ತಿತ್ತು, ಮುನ್ನೂರು ಅಡಿ ಮೇಲೆ. ಇಳಿಜಾರು ಮೃದುವಾಗಿತ್ತು. ಆಕಾಶದಲ್ಲಿ ಒಂದು ಚೂರು ಮೋಡವಿರಲಿಲ್ಲ.

ಗಾದಿಲಿಂಗ ಮಂಜಿನ ಮೇಲೆ ಕೂತ.

ಚಳಿ ಹೋಯಿತು. ಭಾರ ಹೋಯಿತು. ತಾನೆಲ್ಲಿ ಮುಗಿದು ಬೆಟ್ಟ ಎಲ್ಲಿ ಶುರುವಾಗುತ್ತದೆ ಎಂಬುದೇ ತಿಳಿಯಲಿಲ್ಲ. ಇಷ್ಟು ದಿನ ಕಣ್ಣು ಮುಚ್ಚಿ ಕಾದದ್ದು ತೆರೆದ ಕಣ್ಣಿನ ಎದುರೇ ಬಂದು ನಿಂತಿತು. ಅವನು ಬಲಗೈಯ ಗವಸು ಕಳಚಿ ಪಕ್ಕಕ್ಕಿಟ್ಟ.

"ಗುರುಗಳೇ, ಸಿಕ್ಕಿತು."

"ಏನು?"

"ಹುಡುಕಿದ್ದು."

"ಒಳ್ಳೇದು. ಹದಿನೇಳರ ಮಗ್ಗಿ ಹೇಳು."

ಅವನಿಗೆ ಗುರುಗಳ ಮೇಲೆ ಕನಿಕರವಾಯಿತು. ಇಂಥ ಹೊತ್ತಿನಲ್ಲಿ ಮಗ್ಗಿಯೇ? ಆದರೂ ನಗುತ್ತಾ ಹೇಳಿದ.

"ಹದಿನೇಳೊಂದ್ಲ ಹದಿನೇಳು. ಹದಿನೇಳೆರಡ್ಲ ಮೂವತ್ನಾಲ್ಕು. ಹದಿನೇಳ್ಮೂರ್ಲ ಮೂವತ್ನಾಲ್ಕು. ಹದಿನೇಳ್ನಾಲ್ಕ್ಲ ಮೂವತ್ನಾಲ್ಕು..."

ಹೀಗೇ ಹತ್ತರವರೆಗೂ ಹೇಳಿ ಮುಗಿಸಿ, "ಸರಿಯೇ?" ಎಂದು ಕೇಳಿದ. ಸರಿಯಿದೆ ಎಂದೇ ಅವನಿಗೆ ಅನ್ನಿಸಿತ್ತು.

ಗುರುಗಳು ಒಮ್ಮೆ ತಲೆಯೆತ್ತಿ ತುದಿಯನ್ನು ನೋಡಿದರು. ಆಮೇಲೆ ಬಗ್ಗಿ ಗವಸು ಎತ್ತಿ, ಅದರೊಳಗೆ ಅವನ ಬೆರಳುಗಳನ್ನು ಒಂದೊಂದಾಗಿ ತೂರಿಸಿದರು.

"ಏಳು. ಇಳಿಯಾನ."

"ನೀವು ಹೋಗಿ ಬನ್ನಿ. ನಾನು ಇಲ್ಲೇ ಕೂತಿರ್ತೀನಿ. ಹಿತವಾಗಿದೆ."

"ಮಾತು ಕೊಟ್ಟಿದೀಯ."

"ಆ ಮಾತು ಕೊಟ್ಟೋನು ಬೇರೆ, ಈಗಿರೋನು ಬೇರೆ."

ಗುರುಗಳು ಬಗ್ಗಿದರು. ಹಗ್ಗದ ತುದಿಯನ್ನು ಅವನ ಸೊಂಟಕ್ಕೆ ಬಿಗಿದರು. ರಟ್ಟೆ ಹಿಡಿದು ಎಬ್ಬಿಸಿ, ಕೆಳಮುಖಕ್ಕೆ ತಿರುಗಿಸಿ, ಹಿಂದಿನಿಂದ ದೂಡಿದರು.

ಗಾದಿಲಿಂಗನಿಗೆ ಸಿಟ್ಟು ನೆತ್ತಿಗೇರಿತು. ಎರಡು ಸಲ ಮಂಜಿನ ಮೇಲೆ ಬಿದ್ದುಕೊಂಡ. ಎರಡು ಸಲವೂ ಮುದುಕರು ಎತ್ತಿ ನಿಲ್ಲಿಸಿದರು.

"ನಿಮಗೆ ಹೊಟ್ಟೆಕಿಚ್ಚು!" ಎಂದು ಅವನು ಕೂಗಿದ. "ನಿಮಗೆ ಸಿಗದ್ದು ನನಗೆ ಸಿಕ್ಕಿತು ಅಂತ!"

"ಆಗ್ಲಿ. ಎಡಗಾಲು ಎತ್ತಿಡು."

"ನೀವು ಗುರುವಲ್ಲ."

"ಆಗ್ಲಿ. ಈಗ ಬಲಗಾಲು."

ಹೀಗೆ ಎರಡು ಗಂಟೆ ಇಳಿದರು. ಸಾವಿರದೈನೂರು ಅಡಿ ಕೆಳಗೆ ಬರುವ ಹೊತ್ತಿಗೆ ಗಾದಿಲಿಂಗನ ತಲೆಯೊಳಗೆ ತುಂಬಿದ್ದ ಮಂಪರು ಯಾರೋ ಹತ್ತಿ ಕಿತ್ತು ತೆಗೆದಂತೆ ಕಡಿಮೆಯಾಯಿತು. ಅವನು ಮನಸ್ಸಿನಲ್ಲೇ ಹದಿನೇಳರ ಮಗ್ಗಿ ಹೇಳಿಕೊಂಡ. ಐವತ್ತೊಂದು. ಅರವತ್ತೆಂಟು. ಎಂಬತ್ತೈದು. ಎಲ್ಲವೂ ಬಂತು.

ಅವು ಬಂದವು, ಆನಂದ ಹೋಯಿತು. ಚಳಿ ಮರಳಿತು. ಬಲಗೈ ಬೆರಳುಗಳು ಬೆಂಕಿಯಲ್ಲಿಟ್ಟಂತೆ ಉರಿದವು. ತಾನು ಎಲ್ಲಿ ಕೂತಿದ್ದೆ, ಏನು ಬಿಚ್ಚಿಟ್ಟಿದ್ದೆ ಎಂಬುದು ಅರ್ಥವಾಯಿತು. ತಿರುಗಿ ಕ್ಷಮೆ ಕೇಳಬೇಕೆನ್ನಿಸಿತು. ಮುಖವಿರಲಿಲ್ಲ.

ಬೆನ್ನ ಹಿಂದೆ ಗುರುಗಳು ಸಣ್ಣ ದನಿಯಲ್ಲಿ ಏನೋ ಹೇಳಿಕೊಳ್ಳುತ್ತಿದ್ದರು. ಕೇಳಬೇಕಾದವನು ಕೇಳಿರಲಿಲ್ಲ. ಅದಕ್ಕೇ ತಾವೇ ಹೇಳಿಕೊಳ್ಳುತ್ತಿದ್ದರು.

"ನುಂಕಮ್ಮ, ಮಾರಕ್ಕ, ಬೋರಕ್ಕ, ಕಾಟಮ್ಮ, ಪಾಲಮ್ಮ, ದುರುಗಮ್ಮ."

ಗಾದಿಲಿಂಗ ಲೆಕ್ಕ ಹಾಕಿದ. ಆರು.

ನಿಂತು ತಿರುಗಿದ. "ಗುರುಗಳೇ, ಇನ್ನೊಂದು ಸಲ ಹೇಳಿ."

ಅವರು ಹೇಳಿದರು. ಮತ್ತೆ ಆರೇ.

"ತಿಪ್ಪಕ್ಕ?"

"ತಿಪ್ಪಕ್ಕ ಯಾರು?"

ಗುರುಗಳ ತುಟಿ ನೀಲಿಯಾಗಿತ್ತು. ತನ್ನನ್ನು ಎತ್ತಿ, ದೂಡಿ, ಎಳೆದು ಆ ಮುದಿ ದೇಹದಲ್ಲಿ ಇದ್ದುದೆಲ್ಲ ಖರ್ಚಾಗಿದೆ ಎಂದು ಅವನಿಗೆ ಆಗ ಕಂಡಿತು. ಅವರು ಮೆಲ್ಲಗೆ ಒಂದು ಮಂಜಿನ ದಿಬ್ಬಕ್ಕೆ ಒರಗಿದರು.

"ನೀನು ಮುಂದೆ ಹೋಗಿರು. ನಾನು ಒಂದು ಗಳಿಗೆ ಕೂತು ಬರ್ತೀನಿ. ಇಲ್ಲಿ ಹಿತವಾಗೈತೆ."

ಗಾದಿಲಿಂಗ ಅವರ ಹತ್ತಿರಕ್ಕೆ ಹತ್ತಿ ಬಂದ.

"ಏಳಿ ಗುರುಗಳೇ. ಇಳಿಯೋಣ."

ಗುರುಗಳು ಅವನ ಮುಖ ನೋಡಿದರು. "ತಪ್ಪಿತಾ?"

"ತಪ್ಪಿತು."

"ಹೌದಾ?" ಎಂದವರೇ ಕೈ ಚಾಚಿದರು. ವಾದ ಮಾಡಲಿಲ್ಲ. ಇನ್ನೊಂದು ಗಳಿಗೆ ಅನ್ನಲಿಲ್ಲ. ತಾಯಿ ಕರೆದರೆ ಆಟ ಬಿಟ್ಟು ಏಳುವ ಮಗುವಿನ ಹಾಗೆ ಎದ್ದರು.

ಈಗ ಗುರುಗಳು ಮುಂದೆ, ಹಗ್ಗ ಹಿಡಿದ ಶಿಷ್ಯ ಹಿಂದೆ. ಅವನು "ಎಡಗಾಲು" ಎಂದರೆ ಎಡಗಾಲು. "ನಿಲ್ಲಿ" ಎಂದರೆ ನಿಂತರು. "ನೀರು ಕುಡೀರಿ" ಎಂದರೆ ಕುಡಿದರು. ಗುಡಾರ ಸೇರಿದಾಗ ಹೊತ್ತು ವಾಲಿತ್ತು. ಗಾದಿಲಿಂಗ ಅವರ ಬೂಟು ಕಳಚಿ, ಪಾದಗಳನ್ನು ತನ್ನ ಹೊಟ್ಟೆಯ ಮೇಲಿಟ್ಟುಕೊಂಡು, ಅಂಗಿ ಮುಚ್ಚಿ ಕೂತ.

ಎಷ್ಟೋ ಹೊತ್ತಾದ ಮೇಲೆ ಗುರುಗಳು ಕಣ್ಣು ಬಿಟ್ಟರು.

"ತಿಪ್ಪಕ್ಕ," ಎಂದರು. "ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದೋಳು. ಅವಳನ್ನೇ ಬಿಟ್ಟುಬಿಟ್ಟೆ ನೋಡು!"

ನಗಲು ಹೋಗಿ ಕೆಮ್ಮಿದರು. ಗಾದಿಲಿಂಗ ನಗಲು ಹೋಗಿ ಅತ್ತ.

ಆಶ್ರಮಕ್ಕೆ ಮರಳಿ ಒಂದು ತಿಂಗಳಾಯಿತು. ಅವನ ಬಲಗೈಯ ಎರಡು ಬೆರಳಿನ ತುದಿ ಕಪ್ಪಗಾಗಿ, ಉಗುರು ಉದುರಿ, ಕೆಳಗಿನಿಂದ ಎಳೆ ಚರ್ಮ ಮೂಡುತ್ತಿತ್ತು. ಗುರುಗಳು ಮೊದಲಿನಂತೆ ಹಸುಗಳ ಜೊತೆ ಮಾತಾಡಿಕೊಂಡು ಆರಾಮಾಗಿದ್ದರು. ಬೆಟ್ಟದ ವಿಷಯ ಇಬ್ಬರೂ ಎತ್ತಿರಲಿಲ್ಲ.

ಒಂದು ದಿನ ರುಕ್ಮಾ ದಿನಸಿ ತಂದವಳು ಅವನ ಬೆರಳು ನೋಡಿದಳು.

"ಈ ಸಲ ನೀನಾ?" ಎಂದಳು.

"ಈ ಸಲ ಅಂದರೆ?"

"ಬಾಬಾ ಅಲ್ಲಿಗೆ ಹೋಗಿದ್ದು ಇದು ಐದನೇ ಸಲ. ಒಂದು ಸಲವೂ ತುದಿ ಮುಟ್ಟಿಲ್ಲ. ಪ್ರತಿ ಸಲ ಯಾರನ್ನೋ ಇಳಿಸ್ಕೊಂಡು ಬರ್ತಾರೆ. ಎರಡನೇ ಸಲ ನನ್ನ ಅಣ್ಣನನ್ನು ಇಳಿಸಿದರು." ಅವಳು ಚೀಲ ಕೆಳಗಿಟ್ಟು ಬೆನ್ನು ನೆಟ್ಟಗೆ ಮಾಡಿಕೊಂಡಳು. "ನಮ್ಮಣ್ಣನಿಗೆ ಈಗ ಮೊಮ್ಮಕ್ಕಳು."

"ಗುರುಗಳು ಇನ್ನೊಂದು ಸಲ ಹೋಗಬಹುದಾ?"

"ಈ ವಯಸ್ಸಲ್ಲಾ? ವೈದ್ಯರು ಬೇಡ ಅಂದಿದಾರೆ. ನಿನಗೆ ಹೇಳಲಿಲ್ವಾ?"

ಗಾದಿಲಿಂಗ ಅಡುಗೆಕೋಣೆಗೆ ಹೋದ. ಗುರುಗಳು ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಊದುಗೊಳವೆಯಿಂದ ಊದುತ್ತಿದ್ದರು. ಒಲೆಯ ಮೇಲೆ ಪಾತ್ರೆಯಲ್ಲಿ ತೊಗರಿಬೇಳೆ ಕುದಿಯುತ್ತಿತ್ತು. ಅವನು ಎದುರಿಗೆ ಕೂತ.

"ಗುರುಗಳೇ, ಮುನ್ನೂರು ಅಡಿ ಇತ್ತು."

"ಹೂಂ."

"ನೀವು ಹೋಗಿ ಬರಬಹುದಿತ್ತು. ನಾನೇ ಹೋಗಿ ಅಂದಿದ್ದೆ."

"ನೀನು ಅಂದಿದ್ದು ನಿಜ."

"ಬೇಸರ ಇಲ್ವಾ?"

ಗುರುಗಳು ಊದುವುದನ್ನು ನಿಲ್ಲಿಸಿ ಯೋಚಿಸಿದರು. "ಐತೆ," ಎಂದರು. "ಬೆಳಗ್ಗೆ ಬಿಸಿಲು ಬಿದ್ದಾಗ ಒಂದು ಚೂರು ಇರ್ತದೆ. ಹಸು ಕರೆಯೋ ಹೊತ್ತಿಗೆ ಹೋಗಿಬಿಡ್ತದೆ."

ಗಾದಿಲಿಂಗ ಒಲೆಗೆ ಒಂದು ಸೌದೆ ತಳ್ಳಿದ.

"ನಾನು ಆಡಬಾರದ್ದು ಆಡಿದೆ."

"ನಮ್ಮಲ್ಲಿ ಒಬ್ಬನಿಗೂ ಆಗ ತಲೆ ನೆಟ್ಟಗಿರಲಿಲ್ಲ. ಯಾರು ಯಾರನ್ನ ಬೈದ್ರೋ ಯಾರಿಗೆ ಗೊತ್ತು?"

ಗಾದಿಲಿಂಗ ಹಗುರಾದ. ಆದರೆ ಕೇಳಬೇಕಾದ್ದು ಇನ್ನೂ ಒಂದಿತ್ತು.

"ಒಂದೇ ಒಂದು ಮಾತು. ಅಲ್ಲಿ ನನಗೆ ಸಿಕ್ಕ ಆನಂದ... ಅದು ಸುಳ್ಳಾ?"

"ಸುಳ್ಳು ಅಂತ ನಾನ್ಯಾವಾಗ ಅಂದೆ? ಆ ಜಾಗದಲ್ಲಿ ಕೂತೋರಿಗೆಲ್ಲ ಸಿಗ್ತದೆ. ನನಗೂ ಸಿಕ್ಕೈತೆ."

"ಮತ್ತೆ ಯಾಕೆ ಎಳೆದು ತಂದ್ರಿ? ಇಲ್ಲಿ ಇಷ್ಟು ವರ್ಷ ಕೂತರೂ ಆಗದ್ದು ಅಲ್ಲಿ ಕ್ಷಣದಲ್ಲಿ ಆಯ್ತಲ್ಲ?"

ಗುರುಗಳು ಸೌಟಿನಿಂದ ಎರಡು ಕಾಳು ಬೇಳೆ ತೆಗೆದರು. ಊದಿ ಆರಿಸಿ, ಅವನ ಎಡಗೈಯ ಬೆರಳುಗಳ ನಡುವೆ ಇಟ್ಟರು. ಅವನು ಹಿಸುಕಿ ನೋಡಿದ. ಬೆಣ್ಣೆಯಂತೆ ಮೆತ್ತಗಾಗಿತ್ತು.

"ಮೇಲೆ ನೀರು ಬೇಗ ಕುದೀತದಪ್ಪ," ಎಂದರು ಗುರುಗಳು. "ಬೇಳೆ ಬೇಯಲ್ಲ."